ಆಫ್ ಆದ ಹಾಗೆ

ಈ ಕಥೆಯನ್ನು ಮೊದಲು ಹೇಳಿದವರು ಯಾರು ಎಂಬ ವಿಷಯದಲ್ಲಿ, ಅಪರೂಪಕ್ಕೆ, ಭಿನ್ನಾಭಿಪ್ರಾಯವಿಲ್ಲ. ಮೊದಲು ಹೇಳಿದವನು ಕಥಾನಾಯಕನೇ. ಹೇಳಿದ್ದು ಘಟನೆ ನಡೆದ ದಿನವೇ, ಸಂಜೆ ಐದೂ ಮುಕ್ಕಾಲಿಗೆ, ದಪ್ಪ ಜಲ್ಲಿಯ ರಾಶಿಯ ಮೇಲೆ ನಿಂತು, ಹದಿನಾಲ್ಕು ಜನರ ಎದುರಿಗೆ. ತಾನಾಗಿ ಹೇಳಿದ್ದಲ್ಲ, ಹೇಳಬೇಕಾಗಿ ಬಂತು. ಏಕೆ ಬಂತು ಎಂಬುದೇ ಕಥೆ.

ನನಗೆ ಇದು ಸಿಕ್ಕಿದ್ದು ಎರಡನೆಯ ಬಾಯಿಂದ. ಆ ಹದಿನಾಲ್ಕು ಜನರಲ್ಲಿ ಒಬ್ಬರಾದ, ಯಾರ್ಡಿನ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತೆ, ಮುಂದಿನ ವಾರ ತೂಕದ ಯಂತ್ರ ಕೆಟ್ಟು ಕೆಲಸವಿಲ್ಲದೆ ಕುಳಿತಿದ್ದ ಒಂದು ಮಧ್ಯಾಹ್ನ ಇದನ್ನು ಹೇಳಿದರು. ಇಪ್ಪತ್ತು ವರ್ಷದಿಂದ ಕಿಲೋ ತಪ್ಪದಂತೆ ಬರೆಯುವ ಕೈ ಅವರದು. ಆದ್ದರಿಂದ ಪಾಠಭೇದ ಬಂದ ಕಡೆಯಲ್ಲೆಲ್ಲ ಅವರ ಮಾತನ್ನೇ ಹಿಡಿದಿದ್ದೇನೆ.

ನಾಯಕನು ಜಲ್ಲಿ, ಮರಳು, ಕಲ್ಲುಪುಡಿ ಮಾರುವ ಆ ಯಾರ್ಡಿನಲ್ಲಿ ಲೋಡರ್ ಓಡಿಸುವವನು. ಲೋಡರ್ ಎಂದರೆ ಬೆಟ್ಟ ಅಗೆಯುವ ಜಾತಿಯದಲ್ಲ. ಮಂಚದಷ್ಟು ಉದ್ದ, ಬೀರುವಿನಷ್ಟು ಎತ್ತರ, ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುವ ಸ್ಕಿಡ್ ಲೋಡರ್. ಮುಂದಿನ ಬಕೆಟ್ಟನ್ನು ದಾಟಿಕೊಂಡೇ ಒಳಗೆ ಹೋಗಿ ಕೂರಬೇಕು. ಡೀಸೆಲ್ ಎಂಜಿನ್ನು ಬೆನ್ನ ಹಿಂದೆ, ಒಂದು ಕಬ್ಬಿಣದ ಬಾಗಿಲಿನ ಒಳಗೆ.

ಯಾರ್ಡಿನಲ್ಲಿ ಅವನಿಗೆ ‘ಫಳಫಳ’ ಎಂದು ಹೆಸರು. ಇಡೀ ದಿನ ಧೂಳು ಕುಡಿಯುವ ಯಂತ್ರವನ್ನು ಅವನು ದಿನಕ್ಕೆರಡು ಸಲ ಒರೆಸುತ್ತಿದ್ದ. ಬಕೆಟ್ಟಿನ ಹಲ್ಲುಗಳನ್ನು ಒಂದೊಂದಾಗಿ ಒರೆಸಿ, ಮರುಗಳಿಗೆಗೆ ಅವನ್ನು ಜಲ್ಲಿಯೊಳಕ್ಕೆ ನುಗ್ಗಿಸುತ್ತಿದ್ದ. ಊಟಕ್ಕೆ ಕುಳಿತರೆ ತಟ್ಟೆಯ ಅಂಚು ಒರೆಸುತ್ತಿದ್ದ. ಎದುರಿಗೆ ಯಾರಾದರೂ ಕನ್ನಡಕ ತೆಗೆದಿಟ್ಟರೆ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಇದನ್ನು ದೋಷವೆಂದು ಯಾರೂ ಎಣಿಸಬಾರದು. ದೋಷ ಬೇರೆಯದು: ಒರೆಸಿ ಒರೆಸಿ ಆದ ಹೊರಮೈಯ ಪರಿಚಯವನ್ನೇ ಅವನು ಒಳಮೈಯ ಪರಿಚಯವೆಂದು ತಿಳಿದಿದ್ದ.

ಒಳಮೈಯನ್ನು ನಿಜವಾಗಿ ಬಲ್ಲವನು ಅವನ ಹೆಂಡತಿಯ ಅಣ್ಣ. ಎಲ್ಲರೂ ‘ಮೇಸ್ತ್ರಿ’ ಎನ್ನುತ್ತಿದ್ದ ಈ ಮೆಕ್ಯಾನಿಕ್ಕಿನ ತಗಡಿನ ಶೆಡ್ಡು ಯಾರ್ಡಿನ ಮೂಲೆಯಲ್ಲೇ ಇತ್ತು. ಯಾರ್ಡಿನ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೆ ಪ್ರತಿಯಾಗಿ ಯಾರ್ಡಿನ ಈಗಿನ ಯಜಮಾನಿಯ ಗಂಡನ ಕಾಲದಲ್ಲಿ ಸಿಕ್ಕಿದ ಜಾಗ. ಇಪ್ಪತ್ತೆರಡು ವರ್ಷದಿಂದ ಅವನ ಬದುಕೆಲ್ಲ ಅಲ್ಲೇ. ಮಾತು ಕಡಿಮೆ. ಬೇಕಾದ ಪಾನಾ ಇನ್ನೊಬ್ಬರ ಕೈಯಲ್ಲಿದ್ದರೂ ಕೇಳದೆ, ಕೈ ಚಾಚಿ ಕಾಯುವವನು.

ಮೂರು ತಿಂಗಳ ಹಿಂದೆ ಈ ಮೇಸ್ತ್ರಿ ಲೋಡರಿಗೆ ಒಂದು ಹೊಸ ಸೊಲೆನಾಯ್ಡ್ ಹಾಕಿದ್ದ. ಡೀಸೆಲ್ ಪಂಪಿನ ಪಕ್ಕದಲ್ಲಿ ಕೂರುವ ಹೆಬ್ಬೆರಳು ಗಾತ್ರದ ಕಬ್ಬಿಣದ ಕೊಳವೆ ಅದು. ಕೀ ತಿರುಗಿಸಿದೊಡನೆ ಕರೆಂಟು ಬಂದು, ‘ಟಕ್’ ಎಂದು ಒಂದು ಕಡ್ಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ; ಕಡ್ಡಿ ಪಂಪಿನ ಸಣ್ಣ ಸನ್ನೆಯನ್ನು, ಅಂದರೆ ಲಿವರನ್ನು, ತಿರುಗಿಸಿ ಡೀಸೆಲಿಗೆ ದಾರಿ ಬಿಡುತ್ತದೆ. ಕೀ ಆಫ್ ಮಾಡಿದರೆ ಸ್ಪ್ರಿಂಗು ಕಡ್ಡಿಯನ್ನು ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ, ಎಂಜಿನ್ನು ನಿಲ್ಲುತ್ತದೆ. ಅಂದು ಮೇಸ್ತ್ರಿ, ತನ್ನ ಇಡೀ ವರ್ಷದ ಮಾತನ್ನು ಒಟ್ಟಿಗೆ ಖರ್ಚು ಮಾಡಿ, ತಂಗಿಯ ಗಂಡನಿಗೆ ಪಾಠ ಹೇಳಿದ್ದ.

“ಗಾಡಿ ಹಿಡೀಲಿಲ್ಲ ಅಂದ್ರೆ ಮೊದಲು ಕಿವಿ. ಟಕ್ ಅಂತಾ ಕೇಳು. ಇಲ್ಲಾಂದ್ರೆ ಕಣ್ಣು. ಈ ಲ್ಯಾಂಪ್ ಇಟ್ಟು ಕರೆಂಟ್ ಬರತ್ತಾ ನೋಡು. ಕರೆಂಟೂ ಇದ್ರೆ ಕೀ ಆಫ್ ಮಾಡಿ ಕೈ ಹಾಕು. ಕಡ್ಡಿ ಸಲೀಸಾಗಿ ಓಡಾಡತ್ತಾ ನೋಡು. ಮೂರೂ ಆಗೋವರೆಗೆ ಪಾರ್ಟನ್ನ ಬೈಬೇಡ.”

ಫಳಫಳ ತಲೆಯಾಡಿಸಿದ್ದ. ಹಾಗೆ ತಲೆಯಾಡಿಸುತ್ತಲೇ ಮೇಸ್ತ್ರಿಯ ಪಾನಾ ಒರೆಸುತ್ತಿದ್ದ.

ಘಟನೆಯ ಹಿಂದಿನ ಸಂಜೆ ಅವನು ಎಂದೂ ಇಲ್ಲದಂತೆ ಎಂಜಿನ್ನಿನ ಬಾಗಿಲು ತೆರೆದು ಒಳಗೂ ಒರೆಸಿದ. ಯಜಮಾನಿ ಆ ದಾರಿಯಲ್ಲಿ ಹೋಗುತ್ತ, “ಪರವಾಗಿಲ್ವೇ, ನಮ್ಮ ಅಡುಗೆಮನೆಗಿಂತ ಚೆನ್ನಾಗಿದೆ” ಎಂದದ್ದೇ ನೆಪ. ಕೈ ಹೋಗುವ ಕಡೆ ಒರೆಸಿದ, ಕೈ ಹೋಗದ ಕಡೆ ಬಟ್ಟೆ ತುರುಕಿ ಎಳೆದ. ಎಷ್ಟು ಬಟ್ಟೆ ಒಳಗೆ ಹೋದವು, ಎಷ್ಟು ಹೊರಗೆ ಬಂದವು ಎಂದು ಯಾರೂ ಎಣಿಸಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ಲಾರಿಗಳು ಜಲ್ಲಿಗಾಗಿ ಬಂದು ನಿಂತವು. ಫಳಫಳ ಒಳಗೆ ಕುಳಿತು ಕೀ ತಿರುಗಿಸಿದ. ಸ್ಟಾರ್ಟರು ತಿರುಗಿತು, ಎಂಜಿನ್ನು ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಮತ್ತೊಮ್ಮೆ.

“ಏನಾಯ್ತಪ್ಪಾ?” ಯಜಮಾನಿ ಕಚೇರಿಯಿಂದ ಹೊರಗೆ ಬಂದರು.

“ಸ್ಟಾರ್ಟರ್ ತಿರುಗ್ತಿದೆ ಅಮ್ಮಾ, ಎಂಜಿನ್ ಹಿಡೀತಿಲ್ಲ.”

“ಅದು ನನಗೂ ಕೇಳ್ತಿದೆ. ಯಾಕೆ?”

ಮೇಸ್ತ್ರಿ ಅಂದು ಪಕ್ಕದ ಊರಿಗೆ ಬಿಡಿಭಾಗ ತರಲು ಹೋಗಿದ್ದ, ಬರುವುದು ಸಂಜೆಯೇ. ‘ಗೊತ್ತಿಲ್ಲ, ಭಾವ ಬರಲಿ’ ಎಂದು ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ‘ಯಾಕೆ’ ಎಂದು ಅವನನ್ನು ಯಾರೂ ಹಿಂದೆ ಕೇಳಿರಲಿಲ್ಲ. ‘ಎಷ್ಟು ಹೊತ್ತು’, ‘ಎಲ್ಲಿಗೆ’, ‘ಇನ್ನೂ ಆಗಿಲ್ವಾ’ ಎಂದಷ್ಟೇ ಕೇಳಿದ್ದರು. ಅವನು ಕೆಳಗಿಳಿದು, ಎದೆ ಸೆಟೆಸಿ, “ಎಲ್ಲರೂ ಸ್ವಲ್ಪ ಸುಮ್ನಿರಿ, ಕೇಳಿಸ್ಕೋಬೇಕು” ಎಂದ. ಲಾರಿ ಡ್ರೈವರುಗಳು ಬೀಡಿ ಕೆಳಗೆ ಹಾಕಿದರು.

ಕಿವಿ ಇಟ್ಟ. ಟಕ್ ಎನ್ನಲಿಲ್ಲ, ಗುಂಯ್ ಎಂದಿತು. ಲ್ಯಾಂಪ್ ಹಿಡಿದ. ಉರಿಯಿತು. ಕೀಯನ್ನು ಆನ್ ಮಾಡಿಯೇ ಬಿಟ್ಟು ಹತ್ತು ನಿಮಿಷ ಹೀಗೆ ಲ್ಯಾಂಪನ್ನು ಎಲ್ಲರಿಗೂ ತೋರಿಸುತ್ತ ನಿಂತಾಗ ಸುಟ್ಟ ವಾರ್ನಿಷಿನ ವಾಸನೆ ಬಂತು, ಗುಂಯ್ ಎಂಬುದೂ ನಿಂತುಹೋಯಿತು.

“ಸೊಲೆನಾಯ್ಡ್ ಸತ್ತಿದೆ” ಎಂದು ಅವನು ಘೋಷಿಸಿದ. ಮೂರನೆಯ ಪಾಠ, ಕೈ ಹಾಕಿ ನೋಡುವುದು, ಬಾಕಿಯಿತ್ತು. ಆದರೆ ಘೋಷಣೆಯಾದ ಮೇಲೆ ತನಿಖೆ ಮಾಡುವ ಪದ್ಧತಿ ಎಲ್ಲಿಯೂ ಇಲ್ಲ.

“ಈಗ?” ಎಂದರು ಯಜಮಾನಿ.

“ಈಗೇನು ಅಮ್ಮಾ, ಅದಿಲ್ದೇ ಓಡಿಸ್ತೀನಿ.”

ಬೈಂಡಿಂಗ್ ತಂತಿ ತಂದು, ಮೇಲಿನಿಂದ ಕಣ್ಣಿಗೆ ಕಾಣದ ಕಡೆಗೆ ಕೈ ಇಳಿಸಿ, ಪಂಪಿನ ಸನ್ನೆಗೆ ತಂತಿ ಸುತ್ತಿ ಎಳೆದ. ಏನೋ ಮೆತ್ತಗೆ ಅಡ್ಡ ಬಂದಂತಾಯಿತು. ಎಣ್ಣೆಯ ಜಿಡ್ಡಿರಬೇಕೆಂದು ಇನ್ನೂ ಜೋರಾಗಿ ಎಳೆದು, ತುದಿಯನ್ನು ಒಂದು ಬೋಲ್ಟಿಗೆ ಸುತ್ತಿ, ಇಕ್ಕಳದಿಂದ ಒಂಬತ್ತು ಸುತ್ತು ತಿರುಚಿದ. (ಲಾರಿ ಡ್ರೈವರುಗಳ ಪಾಠದಲ್ಲಿ ಹನ್ನೆರಡು ಸುತ್ತು. ಗುಮಾಸ್ತೆ ಒಂಬತ್ತೆನ್ನುತ್ತಾರೆ.) ಇಕ್ಕಳ ಕೈಜಾರಿ ಎಂಜಿನ್ನಿನ ಹೊಟ್ಟೆಯೊಳಗೆ ಬಿತ್ತು. ಬೀಳಲಿ ಎಂದುಕೊಂಡ. ಕೀ ತಿರುಗಿಸಿದ. ಎಂಜಿನ್ನು ಒಂದೇ ಏಟಿಗೆ ಹಿಡಿಯಿತು.

ಡ್ರೈವರುಗಳು ಚಪ್ಪಾಳೆ ತಟ್ಟಿದರು. ಯಜಮಾನಿ, “ಇಷ್ಟು ಗೊತ್ತಿದ್ದೂ ಇಷ್ಟು ವರ್ಷ ಸುಮ್ನೆ ಇದ್ರಲ್ಲಾ!” ಎಂದು ಮೊದಲ ಬಾರಿಗೆ ಅವನಿಗೆ ಬಹುವಚನ ಹಚ್ಚಿದರು. ಆ ಬಹುವಚನವೇ ಅನರ್ಥಕ್ಕೆ ಕಾರಣವಾಯಿತೆಂದು ನನ್ನ ಎಣಿಕೆ. ಅವನು ಜಲ್ಲಿಯ ರಾಶಿಯನ್ನು ಹತ್ತಿ, ಎಂಜಿನ್ನಿನ ಸದ್ದನ್ನು ಮೀರಿಸುವ ಗಂಟಲಿನಲ್ಲಿ ಹೇಳಿದ:

“ಮೂರು ತಿಂಗಳಿಗೆ ಹೊಸ ಪಾರ್ಟ್ ಸಾಯತ್ತಾ ಅಮ್ಮಾ? ಹೊಸದಾಗಿದ್ರೆ ತಾನೇ! ಹಳೇದಕ್ಕೆ ಬಣ್ಣ ಬಳಿದು ಹಾಕಿದಾನೆ ನಮ್ಮ ಭಾವ. ಸಂಬಂಧ ಅಂತ ಬಾಯಿ ಮುಚ್ಕೊಂಡಿದ್ದೆ!”

ಇದು ಆ ಕ್ಷಣದವರೆಗೆ ಅವನ ತಲೆಯಲ್ಲೂ ಇರಲಿಲ್ಲ.

ಯಜಮಾನಿಯ ಮುಖ ಗಂಟಿಕ್ಕಿತು. “ಬಣ್ಣ ಬಳಿದಾ? ನೀವು ಅವರ ಮನೆಯವರೇ ಹೇಳ್ತಿದ್ದೀರಿ ಅಂದ್ಮೇಲೆ ಇನ್ನೇನು. ಸಂಜೆ ಬರ್ಲಿ. ಶೆಡ್ಡಿನ ಬೀಗದ ಕೈ ಇವತ್ತೇ ವಾಪಸ್ ತಗೋತೀನಿ.”

ಫಳಫಳ ಬಾಯಿ ತೆರೆದ. ಅಷ್ಟರಲ್ಲಿ ಮೊದಲ ಲಾರಿ ಹಿಂದಕ್ಕೆ ಬಂದು ಹಾರನ್ ಹೊಡೆಯಿತು. ಬಾಯಿ ಮುಚ್ಚಿ ಕೆಲಸಕ್ಕೆ ಹೋದ. ಸಂಜೆಯೊಳಗೆ ಒಂದು ಸಂದರ್ಭ ನೋಡಿ, ಯಜಮಾನಿಯನ್ನು ಪಕ್ಕಕ್ಕೆ ಕರೆದು, ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದರಾಯಿತು ಎಂದುಕೊಂಡ.

ಹನ್ನೊಂದಕ್ಕೆ ಲಾರಿಗಳು ತುಂಬಿದವು. ಅವನು ಕೀ ಆಫ್ ಮಾಡಿದ. ಎಂಜಿನ್ನು ಓಡುತ್ತಲೇ ಇತ್ತು. ಆನ್ ಮಾಡಿ ಮತ್ತೆ ಆಫ್ ಮಾಡಿದ. ಕೀಯನ್ನು ಹೊರಕ್ಕೆ ಎಳೆದು, ಒರೆಸಿ, ಜೇಬಿಗೆ ಹಾಕಿಕೊಂಡ. ಎಂಜಿನ್ನಿಗೆ ಅದರಿಂದ ಏನೂ ಅನ್ನಿಸಲಿಲ್ಲ.

ಡೀಸೆಲಿನ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದಿಟ್ಟವನಿಗೆ ಅದನ್ನು ಮುಚ್ಚುವವರು ಯಾರೂ ಇಲ್ಲ ಎಂಬುದು ಹೊಳೆಯಲು ಹೀಗೆ ಒಂದೂವರೆ ಗಂಟೆ ಬೇಕಾಯಿತು. ಹಿಂದೆ ಹೋಗಿ ಎಂಜಿನ್ನಿನ ಕಬ್ಬಿಣದ ಬಾಗಿಲು ತೆರೆದ. ಒಳಗೆ ಫ್ಯಾನು ರೊಯ್ಯನೆ ತಿರುಗುತ್ತಿತ್ತು. ಇಕ್ಕಳ ಕೆಳಗೆಲ್ಲೋ ಅಡಗಿತ್ತು. ಬಾಗಿಲು ಮುಚ್ಚಿದ.

“ಯಾಕೆ ಆಫ್ ಮಾಡಿಲ್ಲ?” ಗುಮಾಸ್ತೆ ವೇಬ್ರಿಡ್ಜಿನ ಕಿಟಕಿಯಿಂದ ಕೂಗಿ ಕೇಳಿದರು.

“ಮಾಡಬಾರ್ದು ಅಕ್ಕಾ! ರಿಪೇರಿ ಆದ ಎಂಜಿನ್ನು, ಸಂಜೆವರೆಗೆ ಓಡ್ಬೇಕು! ಮಧ್ಯ ನಿಲ್ಲಿಸಿದ್ರೆ ಕೋಪ ಮಾಡ್ಕೊಳತ್ತೆ!”

ಇದು ಯಜಮಾನಿಯ ಕಿವಿಗೆ ಬಿತ್ತು. ಅವರು ಅದನ್ನು ವಿದ್ಯೆಯೆಂದೇ ಸ್ವೀಕರಿಸಿದರು. ಓಡಲೇಬೇಕಾದರೆ ಸುಮ್ಮನೆ ಏಕೆ ಓಡಬೇಕು? ಪೂರ್ವದ ಕಲ್ಲುಪುಡಿ ರಾಶಿಯನ್ನು ಪಶ್ಚಿಮಕ್ಕೆ ಹಾಕಿಸಿದರು. ಹಾಕಿದ ಮೇಲೆ ಪೂರ್ವದಲ್ಲಿದ್ದಾಗಲೇ ಚೆನ್ನಾಗಿತ್ತು ಎನಿಸಿತು. ಅದನ್ನು ತಿರುಗಿ ಪೂರ್ವಕ್ಕೆ ಹಾಕಿದ. ಫಳಫಳನಿಗೆ ಉಳಿದದ್ದು ಒಂದೇ ಆಸೆ. ಟ್ಯಾಂಕಿನ ಮುಳ್ಳು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಡೀಸೆಲ್ ಮುಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಒಂದು ಗಂಟೆಯ ಹೊತ್ತಿಗೆ ಮುಳ್ಳು ಕೆಂಪು ಗೆರೆ ಮುಟ್ಟಿತು. ಆಗ ಯಜಮಾನಿಯೇ ಖುದ್ದಾಗಿ ನಿಂತು ಎರಡು ಕ್ಯಾನ್ ಡೀಸೆಲ್ ಹಾಕಿಸಿದರು.

“ಊಟಕ್ಕೂ ಇಳೀದೆ ದುಡೀತಿದ್ದೀರಿ. ಇಷ್ಟಾದ್ರೂ ನೋಡ್ಕೋಬೇಡ್ವಾ ನಾವು?” ಎಂದರು.

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಯಜಮಾನಿ ತಪ್ಪಾಗಿ ಅರ್ಥ ಮಾಡಿಕೊಂಡರು.

ಯಾರ್ಡಿನ ಎದುರುಮನೆಯಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರು ವಾಸವಾಗಿದ್ದರು. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ನಿದ್ರೆ ಮಾಡುವುದು ಅವರ ನಿವೃತ್ತಿಯ ಏಕಮಾತ್ರ ಸಾಧನೆ. ಒಂದೂ ಮುಕ್ಕಾಲಿಗೆ ಅವರು ತಲೆದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಗೇಟಿಗೆ ಬಂದರು.

“ಏನಯ್ಯಾ ಇದು, ಬೆಳಗ್ಗೆಯಿಂದ! ಅದಕ್ಕೆ ಉಸಿರು ಕಟ್ಟಲ್ವೇ?”

“ಸಂಜೆವರೆಗೆ ಸಾರ್! ಎಂಜಿನ್ನಿಗೆ ಪಥ್ಯ!”

“ನಿಂಗೆ ಪಥ್ಯ ಮಾಡಿಸ್ತೀನಿ ಇರು!” ಎಂದು ಅವರು ಮಾಲಿನ್ಯ ನಿಯಂತ್ರಣದ ಸರ್ಕಾರಿ ಕಚೇರಿಗೆ ಫೋನು ಮಾಡಿದರು.

ಎರಡೂವರೆಗೆ ಶಬ್ದ ಅಳೆಯುವ ಇನ್‌ಸ್ಪೆಕ್ಟರು ಬಂದರು. ಕೈಯಲ್ಲಿ ಒಂದು ಮೀಟರು, ಕಂಕುಳಲ್ಲಿ ಒಂದು ನಮೂನೆ. ನಮೂನೆಯಲ್ಲಿ ಎರಡು ಕಾಲಮ್ಮು: ‘ಯಂತ್ರ ಆನ್ ಇರುವಾಗ’, ‘ಯಂತ್ರ ಆಫ್ ಇರುವಾಗ’. ಮೊದಲನೆಯದನ್ನು ಕ್ಷಣದಲ್ಲಿ ತುಂಬಿದರು.

“ಈಗ ಒಂದೇ ನಿಮಿಷ ಆಫ್ ಮಾಡಿ.”

“ಆನ್ ಒಂದೇ ಸಾಕಾಗಲ್ವಾ ಸಾರ್?”

“ಆಫ್ ಇಲ್ದೆ ಆನ್‌ಗೆ ಬೆಲೆ ಇಲ್ಲ ಕಣ್ರೀ. ಎರಡರ ವ್ಯತ್ಯಾಸ ಬೇಕು. ಒಂದು ನಿಮಿಷ ತಾನೇ?”

ಫಳಫಳ ಗಂಭೀರವಾಗಿ ತಲೆಯಾಡಿಸಿ, ಲೋಡರನ್ನು ಯಾರ್ಡಿನ ತುತ್ತತುದಿಗೆ ಓಡಿಸಿಕೊಂಡು ಹೋಗಿ, ಮರಳಿನ ರಾಶಿಯ ಹಿಂದೆ ನಿಲ್ಲಿಸಿ, ಎಂಜಿನ್ನಿನ ವೇಗವನ್ನು ಪೂರ್ತಿ ತಗ್ಗಿಸಿ, ರಾಶಿಯ ಮೇಲಿಂದ ತಲೆ ಎತ್ತಿ ಕೈ ಬೀಸಿದ.

ಇನ್‌ಸ್ಪೆಕ್ಟರು ಮೀಟರು ನೋಡಿದರು. ರಾಶಿ ನೋಡಿದರು. “ಇದು ಆಫಾ?” ಎಂದು ಕೂಗಿದರು.

“ಆಫ್ ಆದ ಹಾಗೇನೇ ಸಾರ್!”

ಇನ್‌ಸ್ಪೆಕ್ಟರು ಪ್ರಾಮಾಣಿಕರು. ಎರಡನೆಯ ಕಾಲಮ್ಮಿನಲ್ಲಿ ಅಂಕಿ ಬರೆಯದೆ ‘ಆಫ್ ಆದ ಹಾಗೆ’ ಎಂದು ಬರೆದು, “ಐದು ಗಂಟೆಗೆ ಮತ್ತೆ ಬರ್ತೀನಿ. ಸರಿಯಾಗಿ ಆಫ್ ಆಗಿರ್ಬೇಕು” ಎಂದು ಹೊರಟರು. ಆ ನಮೂನೆಯ ಪ್ರತಿ ಗುಮಾಸ್ತೆಯ ಫೈಲಿನಲ್ಲಿ ಇಂದಿಗೂ ಇದೆ.

ಮೂರಕ್ಕೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಗಂಡ ಊಟಕ್ಕೆ ಬರದಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು. ಗೇಟಿನಲ್ಲಿ ಅವಳಿಗೆ ಹೆಡ್ಮಾಸ್ತರರು ಸಿಕ್ಕಿದರು. ಬೆಳಿಗ್ಗೆ ಜಲ್ಲಿ ರಾಶಿಯ ಮೇಲಿಂದ ಆಡಿದ ಮಾತು ಎದುರುಮನೆಗೂ ಸ್ಪಷ್ಟವಾಗಿ ಕೇಳಿಸಿತ್ತು. ಅವಳು ಡಬ್ಬಿ ಹಿಡಿದುಕೊಂಡೇ ಲೋಡರಿನ ಮುಂದೆ ಬಂದು ನಿಂತಳು.

“ಅಣ್ಣ ಹಳೇ ಪಾರ್ಟಿಗೆ ಬಣ್ಣ ಬಳಿದ ಅಂದ್ರಂತೆ!”

“ಆಂ?”

“ಬಣ್ಣ! ನೀವು ಕಣ್ಣಾರೆ ನೋಡಿದ್ರಾ?”

“ಕೇಳಿಸ್ತಿಲ್ಲ ಕಣೇ! ಎಂಜಿನ್ನು!”

“ನಮ್ಮನೆ ನಲ್ಲಿ ತೊಟ್ಟಿಕ್ಕಿದ್ರೂ ಬಂದು ಸರಿಮಾಡೋನು ಅವನು! ಅವನ ಮೇಲೆ ಹಾಗಂದ್ರಾ?”

“ಆಮೇಲೆ! ಆಮೇಲೆ ಹೇಳು!”

“ನೀವು ಹೇಳಿದ್ದಕ್ಕೇ ಅಮ್ಮಾವ್ರು ಶೆಡ್ಡು ಖಾಲಿ ಮಾಡಿಸ್ತಾರಂತೆ! ಅಣ್ಣ ಎಲ್ಲಿಗೆ ಹೋಗ್ಬೇಕು?”

ಅವನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತ್ತು. ಕೈಯನ್ನು ಕಿವಿಗೆ ಹಿಡಿದು, ಅರ್ಥವಾಗದವನ ನಗೆ ನಕ್ಕ. ಬೆಳಿಗ್ಗೆಯಿಂದ ಅವನನ್ನು ಕಾಡಿದ ಆ ಸದ್ದು ಆ ಒಂದು ಗಳಿಗೆ ಅವನಿಗೆ ಗೋಡೆಯಾಯಿತು. ಮುಂದೆ ಕಥೆ ಹೇಳುವಾಗಲೆಲ್ಲ ಅವನು ಇಲ್ಲಿ ಸ್ವಲ್ಪ ತಡೆಯುತ್ತಾನಂತೆ.

ಅವಳು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. ಆಮೇಲೆ ಕೇಳಿದಳು: “ಸಂಜೆ ಅಣ್ಣ ಬಂದಾಗ ಈ ಎಣ್ಣೆ ಬಟ್ಟೇಲೇ ಇರ್ತೀರಾ? ಅವನು ಕೊಟ್ಟ ನೀಲಿ ಚೌಕಳಿ ಶರ್ಟೆಲ್ಲಿ? ಟ್ರಂಕಲ್ಲಿ ಹುಡುಕ್ದೆ, ಇಲ್ಲ!”

“ಆಂ? ಎಂಜಿನ್ನು!”

ಅವಳು ಹೋಗಿ ವೇಬ್ರಿಡ್ಜಿನ ಕಟ್ಟೆಯ ಮೇಲೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕುಳಿತಳು. ಮನೆಗೆ ಹೋಗಲಿಲ್ಲ. ಡಬ್ಬಿಯನ್ನೂ ಬಿಚ್ಚಲಿಲ್ಲ. ಅವನು ಕಲ್ಲುಪುಡಿಯನ್ನು ಎರಡನೆಯ ಸಲ ಪಶ್ಚಿಮಕ್ಕೆ ಸಾಗಿಸುತ್ತ, ಪ್ರತಿ ತಿರುವಿನಲ್ಲೂ ಆ ಡಬ್ಬಿಯ ಎದುರಿಗೆ ಬಂದು, ಪ್ರತಿ ತಿರುವಿನಲ್ಲೂ ಕತ್ತು ಬೇರೆ ಕಡೆ ತಿರುಗಿಸಿದ.

ಐದಕ್ಕೆ ಮೇಸ್ತ್ರಿ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಬಿಡಿಭಾಗಗಳ ಪೊಟ್ಟಣ. ಸುದ್ದಿ ಊರಿಗೇ ಹಬ್ಬಿದ್ದರಿಂದ ಯಾರ್ಡಿನ ಕೂಲಿಗಳು, ಲಾರಿಯವರು, ತಲೆದಿಂಬು ಮನೆಯಲ್ಲಿಟ್ಟು ಬಂದ ಹೆಡ್ಮಾಸ್ತರರು, ಮೀಟರಿನೊಂದಿಗೆ ಇನ್‌ಸ್ಪೆಕ್ಟರು, ಎಲ್ಲರೂ ಸೇರಿದ್ದರು. ಯಜಮಾನಿ ಮುಂದೆ ಬಂದು, ಸದ್ದಿನಲ್ಲಿ ಮಾತು ಹಾಳು ಮಾಡದೆ, ಅಂಗೈ ಚಾಚಿ, ಇನ್ನೊಂದು ಕೈಯಿಂದ ಶೆಡ್ಡಿನ ಕಡೆ ತೋರಿಸಿದರು. ಏಕೆ ಎಂಬುದನ್ನು ಗುಮಾಸ್ತೆ ಮೇಸ್ತ್ರಿಯ ಕಿವಿಯಲ್ಲಿ ಎರಡು ವಾಕ್ಯದಲ್ಲಿ ಹೇಳಿದರು.

ಅವನು ಸೊಂಟದಿಂದ ಬೀಗದ ಕೈ ಬಿಚ್ಚಿದ. ಯಜಮಾನಿಯ ಕೈಗೆ ಕೊಡಲಿಲ್ಲ. ಜಲ್ಲಿಯ ರಾಶಿಯ ಮೇಲೆ ಇಟ್ಟ. ಆಮೇಲೆ ಲೋಡರಿನ ಹತ್ತಿರ ಹೋಗಿ ತಂಗಿಯ ಗಂಡನ ಮುಖದ ಹತ್ತಿರ ಬಾಗಿ ಕೇಳಿದ:

“ಟಕ್ ಅಂತಾ?”

“ಇಲ್ಲ ಭಾವ.”

“ಕರೆಂಟ್ ಬಂತಾ?”

“ಬಂತು.”

“ಕೈ ಹಾಕಿ ನೋಡಿದ್ಯಾ?”

ಎಂಜಿನ್ನು ಓಡುತ್ತಿತ್ತು.

ಮೇಸ್ತ್ರಿ ಹಿಂದಿನ ಬಾಗಿಲು ತೆರೆದ. ಚೀಲದಿಂದ ಮೊಳದುದ್ದದ ಕತ್ತರಿ ಇಕ್ಕಳ ತೆಗೆದು, ಫ್ಯಾನಿಗೆ ದೂರವಾಗಿ, ಕೆಳಗಿನಿಂದ ತೂರಿಸಿ, ತಂತಿಯನ್ನು ಕಡಿದ.

ಎಂಜಿನ್ನು ನಿಲ್ಲಲಿಲ್ಲ.

ಮೇಸ್ತ್ರಿಯ ಹುಬ್ಬು ಗಂಟಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ತಬ್ಬಿಬ್ಬಾದದ್ದನ್ನು ಯಾರ್ಡು ನೋಡಿರಲಿಲ್ಲ. ಫಳಫಳನ ಎದೆಯಲ್ಲಿ, ಎಲ್ಲಿಂದಲೋ, ಒಂದು ಆಸೆಯ ಕಿಡಿ ಹಾರಿತು. ಸೀಟಿನಿಂದಲೇ ಎದ್ದು, “ನಾನು ಹೇಳ್ಲಿಲ್ವಾ! ಪಾರ್ಟೇ ಸರಿಯಿಲ್ಲ! ಬಣ್ಣ ಬಳಿದಿದ್ದು!” ಎಂದು ಕೂಗಿದ. ಈ ಕೂಗು ಎಲ್ಲ ಪಾಠಗಳಲ್ಲೂ ಇದೆ. ಅವನು ಮಾತ್ರ ತನ್ನ ಪಾಠದಲ್ಲಿ ಇದನ್ನು ಬಿಡಲು ಎರಡು ಸಲ ಪ್ರಯತ್ನಿಸಿದ್ದಾನೆ.

ಮೇಸ್ತ್ರಿ ಟಾರ್ಚು ಹಾಕಿದ. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಉದ್ದ ಮೂತಿಯ ಇಕ್ಕಳ ತೂರಿಸಿ, ಸನ್ನೆಯ ಹಿಂದೆ ಏನನ್ನೋ ಕಚ್ಚಿ ಹಿಡಿದು, ಮೆಲ್ಲಗೆ ಎಳೆಯತೊಡಗಿದ. ಕಪ್ಪಗೆ, ಜಿಡ್ಡಾಗಿ, ಉದ್ದಕ್ಕೆ ಏನೋ ಬಂತು. ಇನ್ನೂ ಬಂತು. ತುದಿಯಲ್ಲಿ ಒಂದು ಕಾಜಾ, ಒಂದು ಗುಂಡಿ. ಬೆಳಿಗ್ಗೆ ತಂತಿ ಎಳೆದಾಗ ಜೊತೆಗೆ ಸರಿದು ಹಿಂದೆ ಸಿಕ್ಕಿಕೊಂಡಿದ್ದ ಆ ಬಟ್ಟೆ ಬಿಟ್ಟೊಡನೆ ಸನ್ನೆ ಸ್ಪ್ರಿಂಗಿನೊಂದಿಗೆ ಹಿಂದಕ್ಕೆ ಹೋಯಿತು. ಬೆಳಿಗ್ಗೆ ಒಂಬತ್ತೂವರೆಯಿಂದ ಓಡಿದ ಎಂಜಿನ್ನು ಒಂದು ಸಲ ನಡುಗಿ ನಿಂತಿತು.

ಮಧ್ಯಾಹ್ನದಿಂದ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು ಒಮ್ಮೆಲೇ ಇಳಿಯುವುದಿಲ್ಲ. ಆ ನಿಶ್ಶಬ್ದದೊಳಗೆ, ಎರಡು ಬೀದಿಯಾಚೆಗೂ ಕೇಳುವಂತೆ, ಅವನ ಹೆಂಡತಿ ಕೂಗಿದಳು:

“ಅಯ್ಯೋ! ಅದು ನೀಲಿ ಶರ್ಟಿನ ತೋಳಲ್ವೇನ್ರೀ!”

ಭುಜ ಬಿಗಿಯಾಯಿತೆಂದು ಅವನು ಆ ಶರ್ಟನ್ನು ಎರಡು ತಿಂಗಳ ಹಿಂದೆಯೇ ಹರಿದು ಒರೆಸುವ ಬಟ್ಟೆ ಮಾಡಿಕೊಂಡಿದ್ದ. ಬಿಗಿಯೆಂದು ಹೇಳಿದರೆ ತಾನು ದಪ್ಪಗಾದದ್ದು ತಿಳಿಯುತ್ತದೆಂದು ಟ್ರಂಕಿನಲ್ಲಿದೆ ಎಂದಿದ್ದ.

ಮೇಸ್ತ್ರಿ ತೋಳನ್ನು ಬಕೆಟ್ಟಿನ ಮೇಲೆ ಹರಡಿದ. ಸೊಲೆನಾಯ್ಡ್ ಬಿಚ್ಚಿ, ಮೂಸಿ, ಯಜಮಾನಿಗೆ ಕೊಟ್ಟ.

“ಸುಟ್ಟಿದೆ ಅಮ್ಮಾ. ಅವನು ಹೇಳಿದ್ದು ಅಷ್ಟು ನಿಜ. ಒಳಗೆ ಎರಡು ಸುರುಳಿ ಇರತ್ತೆ. ಒಂದು ಎಳೆಯೋಕೆ, ಇನ್ನೊಂದು ಎಳೆದದ್ದನ್ನ ಹಿಡ್ಕೊಳ್ಳೋಕೆ. ಎಳೆಯೋದು ಒಂದು ಕ್ಷಣದ ಕೆಲಸ. ಪೂರ್ತಿ ಎಳೆಯೋಕೆ ಬಿಡದೆ ಬಟ್ಟೆ ಅಡ್ಡ ಇಟ್ರೆ ಅದು ಎಳೀತಾನೇ ಇರತ್ತೆ, ಕೊನೆಗೆ ಸುಡತ್ತೆ. ಬಣ್ಣ ಬಳಿದಿದೆಯಾ ನೀವೇ ಕೆರೆದು ನೋಡಿ.”

ಯಜಮಾನಿ ಉಗುರಿನಿಂದ ಕೆರೆದರು. ಬಣ್ಣ ಬರಲಿಲ್ಲ. ಬೆಳಗಿನ ಬಹುವಚನ ಅವರ ಮುಖದಿಂದ ಇಳಿದುಹೋದದ್ದು ಎಲ್ಲರಿಗೂ ಕಂಡಿತು. “ನಿನ್ನ ಮಾತು ಕೇಳಿ ನಾನು...” ಎಂದು ಲೋಡರಿನ ಕಡೆ ತಿರುಗಿ, ಮತ್ತೆ ಮೇಸ್ತ್ರಿಯ ಕಡೆ ತಿರುಗಿ, “ಬೀಗದ ಕೈ ತಗೊಳ್ಳಪ್ಪಾ. ತಪ್ಪಾಯ್ತು” ಎಂದರು.

“ಇಟ್ಟಿದ್ದು ಇರಲಿ ಅಮ್ಮಾ.” ಮೇಸ್ತ್ರಿ ಗುಮಾಸ್ತೆಯ ಕಡೆ ನೋಡಿದ. “ಬೆಳಗ್ಗೆ ಇವನು ಎಲ್ಲಿ ನಿಂತು ಹೇಳಿದ?”

“ಜಲ್ಲಿ ರಾಶಿ ಮೇಲೆ.”

“ಜೋರಾಗೇ?”

“ನಮ್ಮನೆಗೆ ಕೇಳಿಸ್ತು” ಎಂದರು ಹೆಡ್ಮಾಸ್ತರರು.

“ಹಾಗಾದ್ರೆ ಅಲ್ಲೇ ನಿಂತು, ಅಷ್ಟೇ ಜೋರಾಗಿ, ನಡೆದದ್ದನ್ನ ಹೇಳ್ಲಿ. ನನಗೆ ಇನ್ನೇನೂ ಬೇಡ.”

ಫಳಫಳ ಬಕೆಟ್ಟು ದಾಟಿ ಇಳಿದ. ರಾಶಿ ಹತ್ತುವಾಗ ಜಲ್ಲಿ ಕಾಲಡಿಯಲ್ಲಿ ಜಾರಿ, ಎರಡು ಹೆಜ್ಜೆ ಮೇಲೆ ಹೋದರೆ ಒಂದು ಹೆಜ್ಜೆ ಕೆಳಗೆ ಬಂದ. ಬೆಳಿಗ್ಗೆ ಅದೇ ರಾಶಿಯನ್ನು ಒಂದೇ ಉಸಿರಿಗೆ ಹತ್ತಿದ್ದ. ಮೇಲೆ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಹಿಂದೆ ಕಟ್ಟಿಕೊಂಡ.

“ಒಂದೂರಲ್ಲಿ... ಒಬ್ಬ ಲೋಡರ್ ಆಪರೇಟರ್ ಇದ್ದ...”

“ಯಾರ್ರೀ ಅವನು?” ಎಂದಳು ಹೆಂಡತಿ, ಕುಳಿತಲ್ಲಿಂದಲೇ.

ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ಒರೆಸಿದ್ದು ಹೇಳಿದ, ಲ್ಯಾಂಪು ಹೇಳಿದ, ಕೈ ಹಾಕದ್ದು ಹೇಳಿದ. “ಬಣ್ಣದ ಮಾತು ಯಾರೂ ನನಗೆ ಹೇಳಿದ್ದಲ್ಲ. ನಾನು ನೋಡಿದ್ದೂ ಅಲ್ಲ. ಬಾಯಿಗ್ ಬಂತು, ಅಂದೆ” ಎಂದ. ಅಲ್ಲಿ ಗಂಟಲು ಇಳಿಯಿತು. “ಕೇಳಿಸ್ತಿಲ್ಲ” ಎಂದರು ಹಿಂದಿನ ಸಾಲಿನ ಒಬ್ಬ ಡ್ರೈವರು, ಹಾಸ್ಯಕ್ಕಲ್ಲ, ನಿಜವಾಗಿ. ಮತ್ತೆ ಜೋರಾಗಿ ಹೇಳಿದ. ಕೊನೆಗೆ, “ನನ್ನ ಹೆಂಡತಿ ಮೂರು ಗಂಟೆಗೆ ಕೇಳಿದ್ದೆಲ್ಲ ನನಗೆ ಕೇಳಿಸ್ತಿತ್ತು” ಎಂದ. ಅದನ್ನು ಹೇಳಬೇಕೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಅವಳು ಆಗ ಊಟದ ಡಬ್ಬಿಯನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟಳು.

“ಎಲ್ಲರೂ ಹಾಗೇ ಸುಮ್ನಿರಿ” ಎಂದರು ಇನ್‌ಸ್ಪೆಕ್ಟರು. “ಒಂದು ನಿಮಿಷ. ಆಫ್ ಕಾಲಮ್ಮು.”

ಮೀಟರನ್ನು ಎತ್ತಿ ಹಿಡಿದರು. ಹದಿನಾಲ್ಕು ಜನ ಒಂದು ಪೂರ್ಣ ನಿಮಿಷ ಮಾತಿಲ್ಲದೆ, ಬೇರೆ ಕಡೆ ನೋಡಲು ಏನೂ ಇಲ್ಲದ್ದರಿಂದ, ಜಲ್ಲಿ ರಾಶಿಯ ಮೇಲೆ ನಿಂತವನನ್ನೇ ನೋಡಿದರು. ಅಷ್ಟು ಉದ್ದದ ನಿಮಿಷವನ್ನು ತಾನು ತೂಗಿಲ್ಲ ಎನ್ನುತ್ತಾರೆ ಗುಮಾಸ್ತೆ. ಇನ್‌ಸ್ಪೆಕ್ಟರು ಅಂಕಿ ಬರೆದು, ‘ಆಫ್ ಆದ ಹಾಗೆ’ ಎಂಬುದನ್ನು ಹೊಡೆದುಹಾಕಿ, ಪೆನ್ನು ಜೇಬಿಗಿಟ್ಟರು.

ಫಳಫಳ ಬಗ್ಗಿ ಬೀಗದ ಕೈ ಎತ್ತಿಕೊಂಡ. ಇಳಿದು ಬಂದು ಮೇಸ್ತ್ರಿಯ ಎದುರಿಗೆ ನಿಂತ. ಮೇಸ್ತ್ರಿ ಕೈ ಚಾಚಿ ಕಾದ. ಬೀಗದ ಕೈಗೆ ಜಲ್ಲಿಯ ಧೂಳು ಹತ್ತಿತ್ತು. ಫಳಫಳ ಅಂಗಿಯ ತುದಿ ಹಿಡಿದು ಅದನ್ನು ಒರೆಸತೊಡಗಿದ. ಒಂದು ಕಡೆ ಒರೆಸಿ, ಮಗುಚಿ, ಇನ್ನೊಂದು ಕಡೆ ಒರೆಸಿ, ಹಲ್ಲುಗಳ ಸಂದಿಯಲ್ಲಿ ಉಗುರು ಹಾಕಿ, ತಲೆ ಎತ್ತದೆ ಒರೆಸುತ್ತಲೇ ಇದ್ದ.

“ಒರೆಸಿದ್ದು ಸಾಕು” ಎಂದ ಮೇಸ್ತ್ರಿ. “ಕೊಡು.”

ಕೊಟ್ಟ. ಆಗ ಕೂಲಿಗಳು ಎದ್ದು ಚಡ್ಡಿಯ ಧೂಳು ಕೊಡವಿಕೊಂಡರು. ಹೆಡ್ಮಾಸ್ತರರು ತಪ್ಪಿದ ನಿದ್ರೆಗೆ ಹೊತ್ತಾಯಿತೆಂದರು. ಡ್ರೈವರುಗಳು, ಇನ್‌ಸ್ಪೆಕ್ಟರು, ಯಜಮಾನಿ, ಒಬ್ಬೊಬ್ಬರಾಗಿ, ತಗ್ಗಿದ ದನಿಯಲ್ಲಿ ಮಾತಾಡುತ್ತ, ಗೇಟು ದಾಟಿ ತಮ್ಮ ತಮ್ಮ ಮನೆಗೆ ಹೋದರು.